ಮಾವನ ಹದಿನೈದು ನಿಮಿಷ

ಕಂಪ್ಯೂಟರಿನ ಹತ್ತಿರ ಏನು ಬೇಕಾದರೂ ಕೇಳಬಹುದು, 'ಎಷ್ಟು ಹೊತ್ತಾಯಿತು' ಎಂದು ಮಾತ್ರ ಕೇಳಬಾರದು. ನಾನು ಕೇಳಿದಾಗಲೆಲ್ಲ ಏನಾದರೊಂದು ಆಗೇ ಆಗುತ್ತದೆ. ಶಿರಸಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವಳು ನಾನು. ತಾಳಮದ್ದಲೆ ಸ್ಪರ್ಧೆಯ ಸಮಿತಿಯವರು ಬಂದು, ಹೊತ್ತು ಅಳೆಯುವ ಒಂದು ಪ್ರೋಗ್ರಾಂ ಬರೆದುಕೊಡಿ ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಯುದ್ಧ. ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಮೀರಿದವರು ಔಟು.

ತೊಂದರೆ ಏನೆಂದರೆ ಸ್ಪರ್ಧಿಗಳಲ್ಲಿ ನನ್ನ ಮಾವನೂ ಒಬ್ಬರು. ಮಾವ ಭಾಗವತರ ಪದ್ಯಕ್ಕೆ ಅರ್ಥ ಹೇಳಲು ಕೂತರೆ ಎದುರಿನವರು ಬೆವರುತ್ತಾರೆ. ಆದರೆ ಹೊತ್ತಿಗೆ ಸರಿಯಾಗಿ ಮುಗಿಸಿದ್ದು ಒಮ್ಮೆಯೂ ಇಲ್ಲ. ಪ್ರತಿ ವರ್ಷ ಗಂಟೆ ಬಾರಿಸಿ ಇಳಿಸುತ್ತಾರೆ, ಶಾಲು ಇನ್ನೊಬ್ಬರ ಹೆಗಲೇರುತ್ತದೆ. ಗಂಟಲು ಮೊದಲಿನಂತಿಲ್ಲ, ಇದೇ ಕೊನೆ ಎಂದು ಈ ಸಲ ಮನೆಯಲ್ಲಿ ಸಾರಿದ್ದರು. ಪೇಟೆಯಲ್ಲಿ ಆಗಲೇ 'ಸೊಸೆ ಕೈಲಿ ಗಡಿಯಾರ, ಮಾವನ ಹೆಗಲಿಗೆ ಶಾಲು' ಎಂಬ ಮಾತು ಶುರುವಾಗಿತ್ತು.

ಇಡ್ಲಿ ಪರೀಕ್ಷೆ

ಮೊದಲು ಬರೆದ ಪ್ರೋಗ್ರಾಂ ಬಹಳ ಸರಳ. ಒಂದು ಸೆಕೆಂಡು ಸುಮ್ಮನಿರು, ಒಂದು ಕೂಡಿಸು, ಮತ್ತೆ ಸುಮ್ಮನಿರು. ಚಂದಕ್ಕಿರಲಿ ಎಂದು ಪ್ರತಿ ಸಲವೂ 'ಟಿಕ್' ಎನ್ನುವ ಸದ್ದು, ಪರದೆಯ ಮೇಲೊಂದು ನಂದಾದೀಪದ ಚಿತ್ರ. ಸರಿಯಿದೆಯೋ ನೋಡೋಣವೆಂದು ಅತ್ತೆ ಇಡ್ಲಿ ಇಟ್ಟಾಗ ಲ್ಯಾಪ್‌ಟಾಪನ್ನು ಅಡುಗೆಮನೆಗೇ ಒಯ್ದೆ. ಹತ್ತು ನಿಮಿಷವಾಗಿ ಯಂತ್ರ ಗಂಟೆ ಬಾರಿಸುವವರೆಗೂ ಮುಚ್ಚಳ ತೆಗೆಯಬಾರದು ಎಂದೂ ಹೇಳಿದೆ.

ಆ ಮುದಿ ಲ್ಯಾಪ್‌ಟಾಪಿಗೆ ಟಿಕ್ ಎನ್ನಲು, ದೀಪ ಬಿಡಿಸಲು ಮತ್ತೊಂದು ಸೆಕೆಂಡು ಹಿಡಿಯುತ್ತಿತ್ತು. ಆ ಸೆಕೆಂಡನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಂಟೆ ಬಾರಿಸುವುದರೊಳಗೆ ನೀರು ಬತ್ತಿ, ತಳ ಕರಿಯಾಗಿ, ಇಡ್ಲಿಗೆ ಹೊಗೆಯ ವಾಸನೆ ಬಂದಿತ್ತು. ಅತ್ತೆ ಪಾತ್ರೆಯನ್ನೂ ನನ್ನನ್ನೂ ನೋಡಿ ತಣ್ಣಗೆ ಹೇಳಿದರು:

"ನಿನ್ನ ಮಷಿನ್ನಿನ ಹತ್ತು ನಿಮಿಷಕ್ಕೆ ಎರಡು ತಂಬಿಗೆ ನೀರು ಬೇಕು ಕಾಣ್ತು."

ಸಿದ್ದಾಪುರದ ಉಪಕಾರ

ಎರಡನೆಯದು ಬುದ್ಧಿವಂತ ಪ್ರೋಗ್ರಾಂ. ಮಾತು ಶುರುವಾದಾಗ ಕಂಪ್ಯೂಟರಿನ ಗಡಿಯಾರ ನೋಡಿಟ್ಟುಕೊಂಡು, ಆಮೇಲೆ ಈಗಿನದರಿಂದ ಅದನ್ನು ಕಳೆಯುವುದು. ಮೊದಲ ಸುತ್ತು ಸಿದ್ದಾಪುರದಲ್ಲಿ, ಸಭಾಭವನದ್ದೇ ಕಂಪ್ಯೂಟರು. ಅದರ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಬಸ್ಸು ತಪ್ಪಬಾರದೆಂದು ನಮ್ಮ ಕಡೆ ಗೋಡೆ ಗಡಿಯಾರವನ್ನು ಮುಂದಿಡುತ್ತೇವಲ್ಲ, ಹಾಗೆ ಯಾರೋ ಇದನ್ನೂ ಇಟ್ಟಿದ್ದರು. ಕಳೆಯುವ ಲೆಕ್ಕಕ್ಕೆ ಅದರಿಂದೇನೂ ಬಾಧೆಯಿಲ್ಲವೆಂದು ನಾನೂ ಸುಮ್ಮನಿದ್ದೆ.

ವಾನಳ್ಳಿಯ ಮೇಷ್ಟ್ರೊಬ್ಬರು ಮಾತಾಡುತ್ತಿದ್ದರು. ನಾನು ನೀರು ಕುಡಿಯಲು ಎದ್ದೆ, ಅಷ್ಟೆ. ಸಭಾಭವನದ ವ್ಯವಸ್ಥಾಪಕರು ಬಂದು, ಇಂಥ ದೊಡ್ಡ ಸ್ಪರ್ಧೆಯಲ್ಲಿ ಗಡಿಯಾರ ತಪ್ಪಿರುವುದೇ ಎಂದು ಉಪಕಾರಕ್ಕೆ ಅದನ್ನು ಸರಿಮಾಡಿ ಹೋದರು. ಪರದೆಯ ಮೇಲೆ 'ಮೈನಸ್ ಮೂರು ನಿಮಿಷ' ಎಂದು ಬಂತು. ಮೇಷ್ಟ್ರು ಅದನ್ನು ಓದಿ ಮಾತು ನಿಲ್ಲಿಸಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ಯಂತ್ರದ ಪ್ರಕಾರ ನಾನಿನ್ನೂ ಮಾತು ಶುರುವೇ ಮಾಡಿಲ್ಲ" ಎಂದವರೇ ದೇವರ ಸ್ತುತಿಯಿಂದ ಮತ್ತೆ ಹಿಡಿದರು.

ದೊಡ್ಡ ಗಲಾಟೆಯಾಯಿತು. ನಾಲ್ಕು ಜನ ನಾಲ್ಕು ಕೈಗಡಿಯಾರ ಚಾಚಿದರು, ಒಂದರಂತೆ ಇನ್ನೊಂದಿಲ್ಲ. ಕೊನೆಗೆ ಎಲ್ಲರನ್ನೂ ಮುಂದಿನ ಸುತ್ತಿಗೆ ಕಳಿಸಿ ಸಮಿತಿ ಒಂದು ನಿಯಮ ಮಾಡಿತು. ಇನ್ನು ಯಂತ್ರ ಹೇಳಿದ್ದೇ ಕೊನೆ, ಕೈಗಡಿಯಾರದ ಮಾತು ಯಾರೂ ಎತ್ತುವಂತಿಲ್ಲ.

ಗಂಟೆಯ ಅಭ್ಯಾಸ

ಮೂರನೆಯ ಸಲ ಹೊರಗಿನ ಗಡಿಯಾರದ ಸಹವಾಸವೇ ಬೇಡವೆಂದು ಬಿಟ್ಟೆ. ಕಂಪ್ಯೂಟರಿನ ಒಳಗೇ ಮುಂದಕ್ಕೆ ಮಾತ್ರ ಹೋಗುವ ಒಂದು ಎಣಿಕೆ ಇರುತ್ತದೆ. ಯಾರು ಗಡಿಯಾರ ತಿರುಗಿಸಿದರೂ ಅದು ಹಿಂದೆ ಬರುವುದಿಲ್ಲ. ಅದನ್ನೇ ಹಿಡಿದೆ. ಹೊತ್ತು ಮುಗಿಯಲು ಒಂದು ನಿಮಿಷ ಇರುವಾಗ ಎಚ್ಚರಿಕೆಯ ಗಂಟೆಯೊಂದನ್ನು ಇಟ್ಟೆ.

ಮಾವ ಇದನ್ನು ದೈವಸಂಕಲ್ಪವೆಂದೇ ತಿಳಿದರು. ಇನ್ನು ಹೊತ್ತಿನ ಚಿಂತೆ ತನಗೆ ಬೇಡ, ಗಂಟೆ ಕೇಳಿದ ಕೂಡಲೆ ಕೊನೆಯ ವಾಕ್ಯ ಹೇಳಿ ಮುಗಿಸುವುದು ಎಂದು ದಿನಾ ಬೆಳಿಗ್ಗೆ ಜಗಲಿಯಲ್ಲಿ ಅಭ್ಯಾಸ ಮಾಡಿದರು. ಒಂದು ದಿನ ಬೈಕ್ ಬೀಳಿಸಿಕೊಂಡು ಬಂದ ಮಗನಿಗೆ, ಎಂದರೆ ನನ್ನ ಗಂಡನಿಗೆ, ಬೈಯುತ್ತಿದ್ದರು. ಬೈಗುಳ ಇನ್ನೇನು ಶಿಖರಕ್ಕೆ ಏರಬೇಕು, ಬೀದಿಯಲ್ಲಿ ಐಸ್‌ಕ್ಯಾಂಡಿಯವನು ಗಂಟೆ ಬಾರಿಸಿದ. ಮಾವ ತಟ್ಟನೆ ಧ್ವನಿ ತಗ್ಗಿಸಿ, ಕೈಮುಗಿದು, "ಇದೇ ನನ್ನ ಕೊನೆಯ ಮಾತು, ರಾಜನ್" ಎಂದು ಒಳಗೆ ಹೋದರು.

ಯಲ್ಲಾಪುರದ ಸಂಧಾನ

ಕೊನೆಯ ಸುತ್ತು ಯಲ್ಲಾಪುರದಲ್ಲಿ. ಮಾವನದು ಸಂಧಾನಕ್ಕೆ ಬಂದ ದೂತನ ಪಾತ್ರ. ಎದುರಿಗೆ ಹಠಮಾರಿ ರಾಜನಾಗಿ ನಂದೊಳ್ಳಿಯ ಒಬ್ಬ ರೈತರು, ಮಾತಿನಲ್ಲಿ ಘಟಾನುಘಟಿ. ದೂತ ಅರ್ಧ ರಾಜ್ಯ ಕೇಳಬೇಕು, ರಾಜ ಸೂಜಿಮೊನೆಯಷ್ಟೂ ಕೊಡುವುದಿಲ್ಲ ಎನ್ನಬೇಕು, ಯುದ್ಧವಾಗಬೇಕು. ಪುರಾಣ ಇರುವುದೇ ಹಾಗೆ.

ಸೊಸೆ ಏನೋ ಒತ್ತಿದಳು ಎನ್ನಿಸಿಕೊಳ್ಳಬಾರದೆಂದು, ಮಾತು ಶುರುವಾದೊಡನೆ ಲ್ಯಾಪ್‌ಟಾಪನ್ನು ತೀರ್ಪುಗಾರರ ಮೇಜಿನ ಮೇಲೆ ಬಿಟ್ಟು ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಎರಡು ಎಮರ್ಜೆನ್ಸಿ ದೀಪ ಇಟ್ಟರು, ಮಾವ ಮುಂದುವರಿಸಿದರು. ಆ ದಿನದ ಮಾತು ಏನು ಮಾತು ಅಂತೀರಿ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವರನ್ನು ನಿಜವಾಗಿ ಕೇಳಿದ್ದು ಅವತ್ತೇ. ಅರ್ಧ ರಾಜ್ಯದಿಂದ ಐದು ಊರಿಗೆ ಇಳಿದರು, ಐದು ಊರಿಂದ ಐದು ಮನೆಗೆ ಇಳಿದರು.

ಅಲ್ಲಿ ಗಂಟೆ ಬಾರಿಸಬೇಕಿತ್ತು, ಬಾರಿಸಲಿಲ್ಲ. ಮಾವ ಮೇಜಿನ ಕಡೆಗೊಮ್ಮೆ ನೋಡಿ ಐದು ಮನೆಯ ಹಿತ್ತಿಲನ್ನು ವರ್ಣಿಸಿದರು. ಮತ್ತೊಮ್ಮೆ ನೋಡಿ, ಹಿತ್ತಿಲಿನ ಬಾವಿಯನ್ನು ವರ್ಣಿಸಿದರು. ಎದ್ದು ಹೋಗಿ ಯಂತ್ರ ಮುಟ್ಟಿದರೆ ಮಾವನ ಪರ ಎನ್ನುತ್ತಾರೆ, ಕೂತಲ್ಲೇ ಕೂತರೆ ಮಾವ ಬೆಳಗು ಮಾಡುತ್ತಾರೆ. ಬಾವಿಯಾದ ಮೇಲೆ ಬಾವಿಯ ಹಗ್ಗ ಬಂತು. ರಾಜನಾಗಿದ್ದವರು ಶಲ್ಯದಿಂದ ಮುಖ ಒರೆಸಿಕೊಂಡರು, ಕೊನೆಗೆ ಎರಡೂ ಕೈ ಎತ್ತಿಬಿಟ್ಟರು.

"ಐದು ಮನೆ ಯಾಕೆ ಮಾರಾಯ್ರೆ, ಅರ್ಧ ರಾಜ್ಯಾನೇ ಕೊಟ್ಟೆ. ತಗೊಂಡು ಹೋಗಿ."

ಭಾಗವತರು ತಾಳ ಎತ್ತಿದವರು ಹಾಗೇ ಇಳಿಸಿದರು. ರಾಜ ಒಪ್ಪಿದರೆ ಹಾಡುವುದಕ್ಕೆ ಅವರ ಹತ್ತಿರ ಪದ್ಯವೇ ಇರಲಿಲ್ಲ.

ಸಮಿತಿಯ ಕಾರ್ಯದರ್ಶಿ ಲ್ಯಾಪ್‌ಟಾಪನ್ನು ಮುಟ್ಟಿದಾಗ ಕಪ್ಪಾಗಿದ್ದ ಪರದೆ ಬೆಳಗಿ 'ಒಂಬತ್ತು ನಿಮಿಷ' ಎಂದಿತು. ನನಗೆ ಆಗ ಹೊಳೆಯಿತು. ಕರೆಂಟು ಹೋದ ಮೇಲೆ ಯಾರೂ ಮುಟ್ಟದ ಯಂತ್ರ ಬ್ಯಾಟರಿ ಉಳಿಸಲು ತಾನೇ ನಿದ್ದೆಗೆ ಜಾರಿತ್ತು. ನನ್ನ ಆ ಎಣಿಕೆ ಯಂತ್ರ ಎಚ್ಚರವಿದ್ದಾಗ ಮಾತ್ರ ಎಣಿಸುತ್ತದೆ. ಆದರೂ ನಿಯಮ ನಿಯಮವೇ. ಯಂತ್ರದ ಮಾತೇ ಕೊನೆ, ಒಂಬತ್ತು ನಿಮಿಷದಲ್ಲಿ ರಾಜನನ್ನೇ ಒಪ್ಪಿಸಿದ ಮಾವನೇ ಗೆದ್ದ ಹಾಗೆ. ಕೈಗಡಿಯಾರ ಕಟ್ಟಿದವರೆಲ್ಲ ಹಲ್ಲು ಕಚ್ಚಿ ಕೂತಿದ್ದರು. ಕಾರ್ಯದರ್ಶಿ ಶಾಲು ಬಿಡಿಸುತ್ತಿದ್ದರು. ಇರುವ ವಿಷಯ ಹೇಳಿಬಿಡೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಮಾವನೇ ಮೈಕು ಎಳೆದುಕೊಂಡರು.

"ಯಂತ್ರ ತಪ್ಪಿದೆ. ನನ್ನ ಎರಡೂ ಕಾಲು ಜೋಮು ಹಿಡಿದಿದೆ. ಒಂಬತ್ತು ನಿಮಿಷಕ್ಕೆ ಜೋಮು ಹಿಡಿಯುವ ಕಾಲಲ್ಲ ಇದು."

ಶಾಲು ನಂದೊಳ್ಳಿಯವರ ಹೆಗಲಿಗೆ ಹೋಯಿತು. ವಾಪಸು ಬರುವಾಗ ಕಾರು ನಾನೇ ಓಡಿಸುತ್ತಿದ್ದೆ. ಮಂಚಿಕೇರಿ ದಾಟಿದ ಮೇಲೆ, ತಪ್ಪಾಯಿತು ಮಾವ ಎಂದೆ. ಅವರು ಕಾಲು ತಿಕ್ಕಿಕೊಳ್ಳುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಶಾಲು ಹೋದ್ರೆ ಹೋತು ಬಿಡೇ ಕೂಸೆ. ಈ ಸಂಧಾನಕ್ಕೆ ಹೋದವ್ವು ಎಷ್ಟೋ ಜನ. ಅರ್ಧ ರಾಜ್ಯ ತಗಂಡು ಬಂದವ ಈ ನಿನ್ನ ಮಾವ ಒಬ್ನೇ ಅಲ್ದ?"