ಎಪ್ಪತ್ತನೆಯ ಹುಡುಗಿ

ಇಷ್ಟೆಲ್ಲ ಅನಾಹುತಕ್ಕೂ ಕಾರಣ ಒಂದು ದಶಮಾಂಶ. ಆರು ಬಿಂದು ಒಂಬತ್ತು.

ಶಾಲೆಯ ಗುಮಾಸ್ತರ ಮಗಳು ಅದೇ ಶಾಲೆಯ ಕೊನೆಯ ತರಗತಿಯಲ್ಲಿ ಓದುತ್ತಿದ್ದಳು. ತರಗತಿಯಲ್ಲಿ ಒಟ್ಟು ಅರವತ್ತೊಂಬತ್ತು ಮಕ್ಕಳು. ಮೇಲಿನ ಶೇಕಡಾ ಹತ್ತರಷ್ಟು ಮಕ್ಕಳಿಗೆ ಗೌರವಪಟ್ಟಿಯಲ್ಲಿ ಹೆಸರು, ಕೊರಳಿಗೆ ಪದಕ, ದೊಡ್ಡ ಕಾಲೇಜಿನಲ್ಲಿ ಪ್ರವೇಶ ಪರೀಕ್ಷೆಯಿಲ್ಲದೆ ಸೀಟು. ಅರವತ್ತೊಂಬತ್ತರ ಹತ್ತನೇ ಒಂದು ಭಾಗವೆಂದರೆ ಆರು ಬಿಂದು ಒಂಬತ್ತು. ಮಕ್ಕಳನ್ನು ತುಂಡು ಮಾಡಲಾಗುವುದಿಲ್ಲವಲ್ಲ, ಬಿಂದುವಿನ ಆಚೆಗಿದ್ದುದನ್ನು ಕೈಬಿಡಬೇಕೆಂದು ಶಾಲೆಯ ನಿಯಮ. ಹಾಗಾಗಿ ಆರು ಪದಕ. ಮಗಳು ಏಳನೆಯವಳು.

ಹಿಂದಿನ ದಿನ ಪಟ್ಟಿ ನೋಡಿದಾಗಿನಿಂದ ಮಗಳು ಊಟ ಮಾಡಿರಲಿಲ್ಲ. ಬೆಳಿಗ್ಗೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಶಾಲೆಗೆ ಬಂದಳು. ಗೇಟಿನ ಹತ್ತಿರ ಇಳಿಯುವಾಗ, "ಇರ್ಲಿ ಬಿಡಪ್ಪಾ" ಎಂದಳು. ಅತ್ತಿದ್ದರೂ ಗುಮಾಸ್ತರು ತಡೆದುಕೊಳ್ಳುತ್ತಿದ್ದರೇನೋ. ಆ "ಇರ್ಲಿ ಬಿಡಪ್ಪಾ" ಮಾತ್ರ ಅವರ ಕರುಳು ಹಿಂಡಿತು.

ಕಚೇರಿಯಲ್ಲಿ ಗಣಿತದ ಮೇಷ್ಟ್ರು ಸಮಾಧಾನ ಹೇಳಲು ಕಾದೇ ಕೂತಿದ್ದರು. ಅವರ ಸಮಾಧಾನ ಎಂದರೆ ಪಾಠವೇ.

"ನೋಡಿ ಸ್ವಾಮಿ, ಈ ಪರ್ಸೆಂಟೈಲ್ ಅನ್ನೋದಿದೆಯಲ್ಲ, ನೀವು ಎಷ್ಟು ಅಂಕ ತಗೊಂಡ್ರಿ ಅಂತ ಅದು ಕೇಳೋದೇ ಇಲ್ಲ. ನಿಮ್ಮ ಹಿಂದೆ ಎಷ್ಟು ಜನ ಇದ್ದಾರೆ ಅಂತ ಕೇಳತ್ತೆ. ನಿಮ್ಮ ಮಗಳು ಇನ್ನೂ ಓದಬೇಕಿತ್ತು ಅಂತೇನಿಲ್ಲ. ಅವಳ ಹಿಂದೆ ಇನ್ನೊಬ್ಬ ದಡ್ಡ ಇದ್ದಿದ್ರೆ ಸಾಕಾಗಿತ್ತು."

ಮೇಷ್ಟ್ರು ಪಾಠ ಮುಗಿಸಿ ಹೋದರು. ಗುಮಾಸ್ತರು ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಅಲ್ಪವಿರಾಮವನ್ನೂ ತಪ್ಪಾಗಿ ಹಾಕದ ಮನುಷ್ಯ, ಅರವತ್ತೊಂಬತ್ತರ ಕೆಳಗೆ ಎಪ್ಪತ್ತು ಎಂದು ಒತ್ತಿದರು. ಅದರ ಮುಂದೆ ಒಂದು ಹುಡುಗಿಯ ಹೆಸರು ಸೃಷ್ಟಿಸಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇಲ್ಲಿಗೂ ಬಂದಾಳು. ಆರು ವಿಷಯಕ್ಕೂ ಸೊನ್ನೆ ಹಾಕಿದರು. ಪೋಷಕರ ಹೆಸರು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೇ ಹೋಗಲಿಲ್ಲ. ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು. ಅವಸರದಲ್ಲಿ ಬೆರಳಿಗೆ ಏನು ಬಂತೋ ಅದನ್ನೇ ಒತ್ತಿ ಪಟ್ಟಿ ಮುದ್ರಿಸಿದರು.

ಎಪ್ಪತ್ತು ಮಕ್ಕಳು, ಏಳು ಪದಕ. ಗುಮಾಸ್ತರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು.

ಬಾಗಿಲು ತಳ್ಳಿಕೊಂಡು ಬಂದವನು ಜವಾನ. ಸಂಜೆ ಸಮಾರಂಭಕ್ಕೆ ಕುರ್ಚಿ ಹಾಕುವುದು ಅವನ ಕೆಲಸ. ಪಟ್ಟಿ ನೋಡಿ ತಲೆಯಾಡಿಸಿದ.

"ಎಪ್ಪತ್ತು. ಸರಿಯಾಗಿದೆ ಸಾರ್. ನಾನೂ ಈಗ ತಾನೇ ತರಗತಿಗೆ ಹೋಗಿ ಎಣಿಸ್ಕೊಂಡು ಬಂದೆ."

"ಎಣಿಸಿದ್ಯಾ? ಎಷ್ಟು?"

"ಎಪ್ಪತ್ತೇ. ಆ ಮೂಲೆ ಬೆಂಚಿನ ಹುಡುಗಿ ಸೇರಿ."

ಗುಮಾಸ್ತರು ಪಟ್ಟಿಯನ್ನು ಬೋರಲು ಹಾಕಿದರು. ಆಮೇಲೆ, ಈ ಆಸಾಮಿ ಲೆಕ್ಕದಲ್ಲಿ ಯಾವತ್ತು ಸರಿಯಿದ್ದ ಎಂದು ತಮ್ಮನ್ನು ತಾವೇ ಸಂತೈಸಿಕೊಂಡರು.

ಹನ್ನೊಂದು ಗಂಟೆಗೆ ಹೆಡ್ ಮೇಡಂ ಕರೆಸಿದರು. ಪಟ್ಟಿಯ ಕೊನೆಯ ಸಾಲಿನ ಮೇಲೆ ಅವರ ಬೆರಳಿತ್ತು. ಮುಂದೆ ಗಣಿತದ ಮೇಷ್ಟ್ರು, ಭಾಷೆಯ ಮೇಡಂ ತಪ್ಪಿತಸ್ಥರಂತೆ ನಿಂತಿದ್ದರು.

"ಆರು ವಿಷಯದಲ್ಲೂ ಸೊನ್ನೆ! ನಮ್ಮ ಶಾಲೆಯಲ್ಲಿ! ಯಾರ್ರೀ ಈ ಹುಡುಗಿ?"

ಗುಮಾಸ್ತರು ಇಬ್ಬರ ಮುಖ ನೋಡಿದರು. ಈಗ ಇಬ್ಬರೂ ಬಾಯಿ ಬಿಟ್ಟು, ನಮಗೆ ಗೊತ್ತಿಲ್ಲ ಎಂದರೆ ಮುಗಿಯಿತು. ಆದರೆ ತನ್ನ ತರಗತಿಯ ಹುಡುಗಿ ತನಗೆ ಗೊತ್ತಿಲ್ಲ ಎಂದು ಹೆಡ್ ಮೇಡಂ ಮುಂದೆ ಒಪ್ಪಿಕೊಳ್ಳುವ ಮೇಷ್ಟ್ರು ಇನ್ನೂ ಹುಟ್ಟಬೇಕಷ್ಟೆ.

"ಗೊತ್ತಿಲ್ದೆ ಏನು ಮೇಡಂ! ಹಿಂದಿನ ಬೆಂಚು. ಮಾತು ಕಮ್ಮಿ" ಎಂದರು ಗಣಿತದ ಮೇಷ್ಟ್ರು.

"ಎರಡು ಜಡೆ. ಯಾವಾಗ್ಲೂ ಕಿಟಕಿ ಆಚೆ ನೋಡ್ತಿರ್ತಾಳೆ" ಎಂದು ಭಾಷೆಯ ಮೇಡಂ ಕೂಡಲೇ ಸೇರಿಸಿದರು.

"ಹಾಗಿದ್ರೆ ಸೊನ್ನೆ ಹೇಗೆ ಬಂತು? ಉತ್ತರ ಪತ್ರಿಕೆ ತೆಗೆದು ಇನ್ನೊಂದ್ಸಲ ನೋಡಿ. ಸಂಜೆಯೊಳಗೆ ನನಗೆ ಉತ್ತರ ಬೇಕು."

ಗುಮಾಸ್ತರಿಗೆ ಒಳಗೊಳಗೇ ನಗು ಬಂತು. ಇಲ್ಲದ ಪತ್ರಿಕೆಯನ್ನು ಹುಡುಕುತ್ತಾ ಸಂಜೆಯಾಗಲಿ, ಅಷ್ಟರಲ್ಲಿ ಪದಕ ಮಗಳ ಕೊರಳಲ್ಲಿರುತ್ತದೆ ಎಂದುಕೊಂಡರು.

ಊಟದ ಹೊತ್ತಿಗೆ ಗಣಿತದ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು.

"ಸಿಕ್ತು ಸ್ವಾಮಿ! ಬಂಡಲಿನ ತಳದಲ್ಲಿತ್ತು, ನಾನು ತಿದ್ದೇ ಇರ್ಲಿಲ್ಲ. ತೊಂಬತ್ತೆಂಟು! ಒಂದು ಕಡೆಯೂ ಹೊಡೆದು ಹಾಕಿಲ್ಲ, ಎಷ್ಟು ಮುದ್ದಾದ ಅಕ್ಷರ!"

ಗುಮಾಸ್ತರ ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು. ಪತ್ರಿಕೆಯ ಮೇಲೆ ತಾವು ಬೆಳಿಗ್ಗೆ ಸೃಷ್ಟಿಸಿದ ಹೆಸರೇ ಇತ್ತು. ಬೆರಳಿಟ್ಟರೆ ಶಾಯಿ ಅಂಟಿತು. ಇನ್ನೂ ಆರಿರಲಿಲ್ಲ.

ಅವರ ಹಿಂದೆಯೇ ಭಾಷೆಯ ಮೇಡಂ ಕಣ್ಣೊರೆಸಿಕೊಳ್ಳುತ್ತಾ ಬಂದರು. "ನಂದೂ ಸಿಕ್ತು. 'ನನ್ನ ತಂದೆ' ಅಂತ ಪ್ರಬಂಧ ಬರೆದಿದ್ದಾಳೆ. 'ನಮ್ಮಪ್ಪ ನನಗೆ ಒಂದು ಹೆಸರು ಕೊಟ್ಟರು, ಆರು ಸೊನ್ನೆ ಕೊಟ್ಟರು, ಬೇರೇನೂ ಕೊಡಲಿಲ್ಲ' ಅಂತೆ. ಎಂಥ ಕಟುಕನೋ ಆ ಅಪ್ಪ! ನನ್ನ ಕೈಗೆ ಸಿಗ್ಲಿ, ಗ್ರಹಚಾರ ಬಿಡಿಸ್ತೀನಿ. ಅಲ್ವೇನ್ರೀ?"

"ಹೌದು ಮೇಡಂ" ಎಂದರು ಗುಮಾಸ್ತರು.

ಮಿಕ್ಕ ನಾಲ್ಕು ವಿಷಯದ ಪತ್ರಿಕೆಗಳೂ ಒಂದೊಂದಾಗಿ ಬಂದವು. ಎಲ್ಲವೂ ಬಂಡಲಿನ ತಳದಿಂದಲೇ. ಗುಮಾಸ್ತರು ಅಂಕ ಒತ್ತುತ್ತಾ ಹೋದರು. ಪ್ರತಿ ಸಲವೂ ಆ ಹೆಸರು ಪಟ್ಟಿಯಲ್ಲಿ ಮೇಲಕ್ಕೆ ಬಂತು. ಎಪ್ಪತ್ತು ಹೋಗಿ ಐವತ್ತೆರಡು. ಐವತ್ತೆರಡು ಹೋಗಿ ಮೂವತ್ತು. ಹದಿನೆಂಟು. ಹನ್ನೊಂದು. ಒಂಬತ್ತು. ಕೊನೆಯ ಪತ್ರಿಕೆಯ ಅಂಕ ಒತ್ತಿದಾಗ ಅದು ಏಳರಲ್ಲಿ ನಿಂತಿತು. ಅದರ ಕೆಳಗೆ, ಎಂಟರಲ್ಲಿ, ಮಗಳ ಹೆಸರು.

ಅಳಿಸಿಬಿಡೋಣವೆಂದು ಕೈ ಎತ್ತಿದರು. ಅಳಿಸಿದರೆ ಮತ್ತೆ ಅರವತ್ತೊಂಬತ್ತು, ಮತ್ತೆ ಆರು ಪದಕ, ಮಗಳು ಏಳನೆಯವಳು. ಬಿಟ್ಟರೆ ಏಳು ಪದಕ, ಮಗಳು ಎಂಟನೆಯವಳು. ಎಂಟು ಪದಕ ಬೇಕೆಂದರೆ ಎಂಬತ್ತು ಮಕ್ಕಳು ಬೇಕು. ಇನ್ನೂ ಹತ್ತು ಹೆಸರು. ಒಂದಕ್ಕೇ ಈ ಪಾಡು! ಗುಮಾಸ್ತರು ಕಂಪ್ಯೂಟರನ್ನು ಆರಿಸಿ ಮಗಳನ್ನು ಹುಡುಕಿಕೊಂಡು ಓಡಿದರು.

ಮಗಳು ಕಾರಿಡಾರಿನಲ್ಲಿ ಸಿಕ್ಕಳು.

"ಪುಟ್ಟೀ, ನಿನ್ನ ತರಗತೀಲಿ ಎರಡು ಜಡೆ ಹುಡುಗಿ..."

"ನನ್ನ ಹಿಂದೆ ಕೂತ್ಕೊಳ್ತಾಳಲ್ಲ, ಅವಳಾ? ತುಂಬ ಒಳ್ಳೆಯವಳಪ್ಪಾ. ಬೆಳಿಗ್ಗೆ ನಾನು ಅಳ್ತಿದ್ರೆ ಕಣ್ಣೊರೆಸಿದ್ಲು. ಕೈ ಮಾತ್ರ ಯಾಕೋ ತಣ್ಣಗಿತ್ತು."

"ಏನಂದ್ಲು?"

"ಯೋಚ್ನೆ ಮಾಡಬೇಡ, ನಿನಗೂ ಪದಕ ಬರೋ ಹಾಗೆ ನಾನು ಮಾಡ್ತೀನಿ ಅಂದ್ಲು."

ನಾಲ್ಕು ಗಂಟೆಗೆ ಸಭಾಂಗಣ ತುಂಬಿತು. ಆರು ಹೆಸರು ಕರೆದರು, ಆರು ಮಕ್ಕಳು ಹೋಗಿ ಪದಕ ಹಾಕಿಸಿಕೊಂಡರು. ಹೆಡ್ ಮೇಡಂ ಏಳನೆಯ ಹೆಸರು ಕರೆದಾಗ ಗುಮಾಸ್ತರು ಕಣ್ಣು ಮುಚ್ಚಿದರು. ಯಾರೂ ಬಾರದಿರಲಿ ದೇವರೇ, ಯಾರೂ ಬಾರದಿದ್ದರೆ ಆ ಪದಕ ಎಂಟನೆಯವಳಿಗೆ ಬಂದರೂ ಬಂದೀತು.

ಹಿಂದಿನ ಸಾಲಿನಿಂದ ಹೆಜ್ಜೆ ಸದ್ದು ಬಂತು. ಸಾವಕಾಶವಾಗಿ ಪಕ್ಕದಲ್ಲೇ ಹಾದುಹೋಯಿತು. ಕಣ್ಣು ತೆರೆದರೆ ವೇದಿಕೆಯ ಮೇಲೆ ಎರಡು ಜಡೆಯ ಹುಡುಗಿ. ಮೂಗು, ಹುಬ್ಬು, ನಿಂತ ಭಂಗಿ, ಎಲ್ಲ ಎಲ್ಲೋ ನೋಡಿದ ಹಾಗಿತ್ತು. ದಿನಾ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡಿದ್ದು ಎಂದು ಗುಮಾಸ್ತರಿಗೆ ಹೊಳೆಯಿತು.

"ಈ ಹುಡುಗಿಯ ತಂದೆ ದಯವಿಟ್ಟು ವೇದಿಕೆಗೆ ಬರಬೇಕು" ಎಂದ ಹೆಡ್ ಮೇಡಂ ಪಟ್ಟಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಗುಮಾಸ್ತರ ಹೆಸರು ಓದಿದರು.

ಇಪ್ಪತ್ತೆರಡು ವರ್ಷ ಕಾಗದಗಳ ಕೆಳಗೆ ದಿನಕ್ಕೆ ನೂರು ಸಲ ಹಾಕಿದ ಹೆಸರು. ಬೆಳಿಗ್ಗೆ ಅವಸರದಲ್ಲಿ ಬೆರಳಿಗೆ ಬಂದದ್ದು ಅದೇ.

ಜವಾನನೇ ಅವರನ್ನು ಎಬ್ಬಿಸಿ ಮೆಟ್ಟಿಲು ಹತ್ತಿಸಿದ. ಭಾಷೆಯ ಮೇಡಂ ಕೆಳಗಿನಿಂದ ಕೆಕ್ಕರಿಸಿ ನೋಡುತ್ತಿದ್ದರು. "ಏನ್ರೀ, ನಿಮಗೆ ಇಬ್ಬರು ಹೆಣ್ಮಕ್ಕಳು ಅಂತ ಒಂದು ದಿನಾನೂ ಹೇಳಲಿಲ್ಲವಲ್ರೀ!" ಎಂದು ಹೆಡ್ ಮೇಡಂ ಕೈಕುಲುಕಿದರು. ಎಂಟನೆಯವಳು ಕೆಳಗೆ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಕಣ್ಣು ಮಾತ್ರ ಕೆಂಪಗಿತ್ತು.

ಹುಡುಗಿ ಗುಮಾಸ್ತರ ಕೈ ಹಿಡಿದಳು. ಮಗಳು ಹೇಳಿದ್ದು ನಿಜ, ಕೈ ತಣ್ಣಗಿತ್ತು.

"ಅಪ್ಪಾ, ಬೇಜಾರು ಮಾಡ್ಕೋಬೇಡಿ" ಎಂದು ಅವರ ಕಿವಿಯ ಹತ್ತಿರ ಬಗ್ಗಿದಳು. "ತಂಗಿಗೆ ನಾನು ಮಾತು ಕೊಟ್ಟಿದ್ದೀನಿ. ಇನ್ನು ಹತ್ತು ಜನ ತಾನೇ ಬೇಕಿರೋದು? ಕರ್ಕೊಂಡು ಬಂದಿದ್ದೀನಿ."

ಗುಮಾಸ್ತರು ಸಭಾಂಗಣದ ಬಾಗಿಲ ಕಡೆ ನೋಡಿದರು. ಬಾಗಿಲಾಚೆ ಹತ್ತು ಮಕ್ಕಳು ಸಮವಸ್ತ್ರದಲ್ಲಿ ಸಾಲಾಗಿ ನಿಂತಿದ್ದರು.

"ಎಲ್ಲರೂ ಓದೋದ್ರಲ್ಲಿ ತುಂಬ ಚುರುಕಪ್ಪಾ" ಎಂದಳು ಅವಳು. "ಇನ್ನೂ ಹೆಸರಿಲ್ಲ ಅಷ್ಟೆ. ಅಪ್ಪನ ಜಾಗದಲ್ಲಿ ನಿಮ್ಮ ಹೆಸರೇ ಇರ್ಲಿ ಅಂತಿದ್ದಾರೆ."