ಎದುರು ಮನೆಯಲ್ಲಿಟ್ಟ ಪ್ರಸ್ಥಾನ

ಬದುಕಿನ ಗುರಿ ಯಾವುದೆಂಬ ಚಿಂತೆ ಹೊಟ್ಟೆ ತುಂಬಿದವರಿಗೆ ಮಾತ್ರ ಹತ್ತುತ್ತದೆ ಎಂಬುದು ನನ್ನ ಅನುಭವ. ಹಸಿದವನ ಗುರಿ ಅಡುಗೆಮನೆಯಲ್ಲೇ ಇರುತ್ತದೆ, ಅವನು ಅದನ್ನು ಹುಡುಕಿಕೊಂಡು ಊರೂರು ತಿರುಗಬೇಕಾಗಿಲ್ಲ. ನನಗೆ ಆ ಚಿಂತೆ ಹತ್ತಿದ್ದು ಧಾರವಾಡದ ಕಾಲೇಜಿನಲ್ಲಿ ಒಂದು ವರ್ಷ ಕಳೆದು, ಬೇಸಗೆಯ ರಜೆಗೆ ಖಾನಾಪುರದ ನಮ್ಮ ಮನೆಗೆ ಬಂದು, ಅವ್ವ ಮಾಡಿದ ಮಾವಿನ ಹಣ್ಣಿನ ಶೀಕರಣೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಉಂಡು, ಹೊರಗಿನ ಕಟ್ಟೆಯ ಮೇಲೆ ಅಡ್ಡಾದ ಒಂದು ಮಧ್ಯಾಹ್ನ. ಮಲಪ್ರಭೆಯ ಕಡೆಯಿಂದ ಗಾಳಿ ಬರುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಆಗ ಹೊಳೆಯಿತು: ಈ ಕಾಲೇಜಿನಿಂದ ಏನು ಉಪಯೋಗ? ಒಂದು ವರ್ಷವಿಡೀ ನಾವು ಓದಿದ್ದು ವಿಲಾಯತಿಯ ಯಾವುದೋ ಹೂವಿನ ವರ್ಣನೆ. ಆ ಹೂವನ್ನು ನಾವೂ ಕಂಡಿರಲಿಲ್ಲ, ನಮಗೆ ಕಲಿಸಿದ ಗುರುಗಳೂ ಕಂಡಿರಲಿಲ್ಲ. ಆದರೂ ಅದರ ಚೆಲುವಿಗೆ ಅವರು ಕಣ್ಣು ಮುಚ್ಚುತ್ತಿದ್ದರು, ನಾವೂ ಮುಚ್ಚುತ್ತಿದ್ದೆವು.

ಸಂಜೆ ಮನೆಯಲ್ಲಿ ಸಾರಿಬಿಟ್ಟೆ. "ನಾ ಯಾಕ ಹುಟ್ಟೇನಿ ಅನ್ನೂದು ತಿಳಿಯೂತನಕ ಕಾಲೇಜಿಗೆ ಹೋಗೂದಿಲ್ಲ." ಅವ್ವ ಗಾಬರಿಯಾಗಿ ಉಪ್ಪು-ಸಾಸಿವೆ ತಂದು ದೃಷ್ಟಿ ತೆಗೆದಳು. ಅಪ್ಪ ಚಪ್ಪಲಿ ಮೆಟ್ಟಿ ಸ್ಟೇಶನ್ನಿಗೆ ಹೊರಟರು. ಅವರು ಕನ್ನಡ ಸಾಲೆಯ ಮಾಸ್ತರಾಗಿ ನಿವೃತ್ತರಾದವರು. ಸಂಜೆಯಾದರೆ ಸ್ಟೇಶನ್ನಿಗೆ ಹೋಗಿ, ಯಾರೂ ಬರುವವರಿಲ್ಲದಿದ್ದರೂ, ಗಾಡಿ ನೋಡಿ ಬರುವುದು ಅವರ ರೂಢಿ. ನಮ್ಮ ಮನೆತನದಲ್ಲಿ ಒಬ್ಬನಾದರೂ ಬಿ.ಎ. ಆಗಲಿ ಎಂಬುದು ಅವರ ಒಂದೇ ಆಸೆ ಎಂದು ಇಡೀ ಊರಿಗೆ ಗೊತ್ತಿತ್ತು. ಅವರು ಬಾಯಿಬಿಟ್ಟು ನನ್ನೆದುರಿಗೆ ಎಂದೂ ಹೇಳಿರಲಿಲ್ಲ.

ಬುದ್ಧಿ ಹೇಳಿಸಲೆಂದು ನನ್ನನ್ನು ಬೆಳಗಾವಿಗೆ, ಸೋದರಮಾವನ ಬಳಿ ಕಳಿಸಿದರು. ಮಾಮಾ ಅಲ್ಲಿ ಒಬ್ಬ ವಕೀಲರ ಕಾರಕೂನ. ನನ್ನ ಪ್ರಶ್ನೆಯನ್ನು ಕೇಳಿ ಎಲೆಗೆ ಸುಣ್ಣ ಹಚ್ಚುತ್ತ, "ಗುರಿ ಅಂದ್ರ ಏನೋ? ಕೋರ್ಟಿನ್ಯಾಗ ಕೂತು ಕೂತು ನನ್ನ ಕೂದಲಾ ಬೆಳ್ಳಗಾದ್ವು, ಯಾವ ಸಾಹೇಬನೂ ಅದನ್ನ ಕೇಳಿಲ್ಲ. ಬಿ.ಎ. ಆಗೇದೇನು ಅಂತ ಮಾತ್ರ ಕೇಳ್ತಾರ," ಎಂದ. ನಾನು ಬೇಸರದಿಂದ ಕೋಟೆಯ ಕೆರೆಯ ದಂಡೆಗೆ ಹೋಗಿ ಕೂತೆ. ನೀರಿನಲ್ಲಿ ಮೋಡ ತೇಲುತ್ತಿತ್ತು, ಮೋಡದ ನಡುವೆ ಒಂದು ಎಮ್ಮೆ ಮೂಗಷ್ಟೇ ಮೇಲಿಟ್ಟು ಸುಖವಾಗಿತ್ತು. ಅದಕ್ಕೆ ಉತ್ತರ ಗೊತ್ತಿದ್ದಂತೆ ಕಾಣುತ್ತಿತ್ತು, ಆದರೆ ಹೇಳುವ ಮನಸ್ಸಿರಲಿಲ್ಲ. ನನಗಿಂತ ಮೊದಲು ಕಾಲೇಜು ಬಿಟ್ಟ ಹುಡುಗರು ದೇಶಕ್ಕಾಗಿ ಬಿಟ್ಟಿದ್ದರು. ಊರವರು ಅವರಿಗೆ ಹಾರ ಹಾಕಿದ್ದರು, ಕೆಲವರು ಹಿಂಡಲಗಾದ ಜೇಲನ್ನೂ ಕಂಡು ಬಂದಿದ್ದರು. ನಾನು ಬಿಡುತ್ತಿದ್ದದ್ದು ಮಾತ್ರ ಯಾತಕ್ಕಾಗಿ ಎಂಬುದು ನನಗೇ ತಿಳಿಯದೆ, ಖಾನಾಪುರಕ್ಕೆ ಮರಳಿ ಬಂದೆ.

ಮಳೆಗಾಲ ಹಿಡಿಯಿತು. ಕಾಲೇಜು ತೆರೆಯುವ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಅಪ್ಪ ಪಂಚಾಂಗ ಮಡಿಸಿಟ್ಟು ಬಲು ಸಮಾಧಾನದಿಂದ ಹೇಳಿದರು: "ಹೋಗೂದು ಬಿಡೂದು ನಿನಗ ಬಿಟ್ಟದ್ದು. ಆದ್ರ ನಾಳಿಂದ ದಿವಸ ಛಲೋ ಇಲ್ಲ. ಇವತ್ತ ಒಂದು ಪ್ರಸ್ಥಾನ ಇಟ್ಟ ಬಿಡೂಣು. ಮುಂದ ಹೋಗಬೇಕು ಅನಿಸಿದ್ರ ಅಡಚಣಿ ಆಗಬಾರದು ನೋಡು."

ಪ್ರಸ್ಥಾನವೆಂದರೆ ಇಷ್ಟೇ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ವೇಳೆ ನೋಡಿ ಗಂಟನ್ನೋ ಪೆಟ್ಟಿಗೆಯನ್ನೋ ನೆರೆಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ಶಾಸ್ತ್ರದ ಲೆಕ್ಕದಲ್ಲಿ ನೀವು ಹೊರಟಂತೆ. ಆಮೇಲೆ ಎಂಥ ಕೆಟ್ಟ ದಿನ ಗಾಡಿ ಹತ್ತಿದರೂ ಬಾಧೆಯಿಲ್ಲ. ಪೆಟ್ಟಿಗೆ ಹೋದರೆ ನನ್ನದೇನು ಹೋಯಿತು ಎಂದುಕೊಂಡು ಒಪ್ಪಿದೆ. ಅವ್ವ ಅಂಗೈಗೆ ಮೊಸರು ಹಾಕಿದಳು. ಪೆಟ್ಟಿಗೆ ಹೊತ್ತು, ಕೆಸರು ದಾಟಿ, ಎದುರು ಮನೆಯ ದುರ್ಗಾಕಾಕುವಿನ ಪಡಸಾಲೆಯಲ್ಲಿ ಇಟ್ಟು, ಊಟಕ್ಕೆಂದು ಮರಳಿ ಬಂದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು.

"ಎಲ್ಲಿಗೆ?"

"ಊಟಕ್ಕ."

"ಹೊರಟಾವ ತಿರುಗಿ ಹೊಸ್ತಿಲಾ ದಾಟಿದ್ರ ಪ್ರಸ್ಥಾನ ಮುರೀತದ. ನೀ ಕಾಲೇಜಿಗೆ ಹೋಗದಿದ್ರೂ ನಡೀತದ, ನಮ್ಮ ಮನ್ಯಾಗ ಪ್ರಸ್ಥಾನ ಮುರಿದದ್ದು ಮಾತ್ರ ಇಲ್ಲ."

ಬೇರೆ ಮನೆಗಳಲ್ಲಿ ಪೆಟ್ಟಿಗೆ ಹೋದರೆ ಸಾಕು, ಮನುಷ್ಯ ತನ್ನ ಮನೆಯಲ್ಲೇ ಉಂಡು ಮಲಗಬಹುದು. ನಮ್ಮ ಮನೆತನದಲ್ಲಿ ಪೆಟ್ಟಿಗೆಯ ಹಿಂದೆ ಮನುಷ್ಯನೂ ಹೋಗಿ, ಅಲ್ಲಿಂದಲೇ ಹೊರಡಬೇಕು. ನಾನು ಇದನ್ನು ಮರೆತಿದ್ದೆ. ಅಪ್ಪ ಮರೆತಿರಲಿಲ್ಲ.

ಹೀಗೆ ನಾನು ನನ್ನ ಮನೆ ಬಿಟ್ಟು ಹೋದೆ. ಹೋದದ್ದು ಎದುರಿನ ಕಟ್ಟೆಯವರೆಗೆ. ಅವ್ವ ತಾಟು ಮುಚ್ಚಿಕೊಂಡು ಮಳೆಯಲ್ಲಿ ಓಡಿ ಬಂದು ನನಗೆ ಉಣ್ಣಲಿಕ್ಕೆ ಕೊಟ್ಟು, ನನ್ನ ಬಾಜುವೇ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಹೋದಲ್ಲೆ ಏನ ಉಣತಾನೋ ಏನೋ, ನನ್ನ ಕೂಸು!"

"ಅವ್ವಾ, ಇಲ್ಲೇ ಉಣ್ಲಿಕ್ಕತ್ತೇನಲ್ಲಾ!"

"ನೀ ಸುಮ್ನ ಉಣ್ಣು. ಪರಊರಿಗೆ ಹೋದ ಮಗನ್ನ ನೆನಸಿ ಅಳ್ಳಿಕ್ಕೂ ಬಿಡೂದಿಲ್ಲಲ್ಲೋ."

ಹಾದಿಯಲ್ಲಿ ಹೋಗುವವರು, "ಏನ ವಾಸಣ್ಣಾ, ಕಾಲೇಜಿಗೆ ಹೋಗಿಲ್ಲೇನು?" ಎಂದು ಕೇಳಿದರೆ, "ಹೋಗೇನಿ. ಪ್ರಸ್ಥಾನ ಆಗೇದ," ಎನ್ನುತ್ತಿದ್ದೆ. ಅವರು ಹೌದೌದೆಂದು ತಲೆಯಾಡಿಸಿ ಮುಂದೆ ಸಾಗುತ್ತಿದ್ದರು. ದುರ್ಗಾಕಾಕು ಮನೆಯಲ್ಲಿ ಮರಾಠಿ ಆಡುವವಳು, ನಮ್ಮ ಕೂಡ ಕನ್ನಡ, ಸಿಟ್ಟು ಬಂದರೆ ಎರಡೂ. ಆಕೆಗೆ ನನ್ನ ಸಂಕಟವನ್ನೆಲ್ಲ ಬಿಡಿಸಿ ಹೇಳಿದೆ. ಕೇಳಿ ಅಂದಳು: "ಅರೇ ಬಾಳಾ, ಏ ಕೂಸ, ಹೋದ್ರೂ ನಡೀತದ, ಬಿಟ್ರೂ ನಡೀತದ. ಹಿಂಗ ನಡುವ ಕೂತ್ರ ನಾ ಒದ್ದಿ ಸೀರಿ ಎಲ್ಲೆ ಒಣಗಸಲಿ?"

ಆದರೂ ಖರೇ ಹೇಳುತ್ತೇನೆ, ಆ ದಿನಗಳಷ್ಟು ಚಂದದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಒದ್ದೆ ಸೀರೆಯ ಸಂದಿನಿಂದ, ಮಳೆಯ ಆಚೆಗೆ ಕಾಣುವ ನನ್ನ ಮನೆಯನ್ನೇ ನೋಡುತ್ತ ಕೂಡುತ್ತಿದ್ದೆ. ನಾನಿಲ್ಲದ ನನ್ನ ಮನೆ! ನಾನಿಲ್ಲದಿದ್ದರೆ ಅಲ್ಲಿ ಏನಾದರೂ ನಿಂತುಹೋದೀತು ಎಂದು ಒಳಗೊಳಗೇ ಆಸೆಯಿತ್ತು. ಆಕಳು ವೇಳೆಗೆ ಸರಿಯಾಗಿ ಹಾಲು ಕೊಡುತ್ತಿತ್ತು. ಕಟ್ಟೆಯ ಮೇಲೆ ನಾನು ಅಡ್ಡಾಗುತ್ತಿದ್ದ ಜಾಗದಲ್ಲಿ ಬೆಕ್ಕು ಮಲಗಿತ್ತು, ಅದಕ್ಕೆ ಯಾವ ಪ್ರಶ್ನೆಯೂ ಹೊಳೆದಂತಿರಲಿಲ್ಲ.

ಒಂದು ಸಂಜೆ ಮಳೆ ಜೋರಾಗಿ ಅಪ್ಪನಿಗೆ ಸ್ಟೇಶನ್ನಿಗೆ ಹೋಗಲಾಗಲಿಲ್ಲ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಮಳೆ ತುಸು ನಿಂತಾಗ ದೂರದಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಅಪ್ಪ ಕಣ್ಣು ಮುಚ್ಚಿ, ಜಪ ಮಾಡುವವರ ಹಾಗೆ ಮೆಲ್ಲಗೆ ಒಂದೊಂದೇ ಸ್ಟೇಶನ್ನಿನ ಹೆಸರು ಹೇಳತೊಡಗಿದರು. ಓಣಿ ಚಿಕ್ಕದು, ಎಲ್ಲ ಕೇಳುತ್ತಿತ್ತು. "ಗುಂಜಿ... ಲೋಂಡಾ... ಇಲ್ಲೆ ಗಾಡಿ ಭಾಳ ಹೊತ್ತು ನಿಂದರ್ತದ, ಚಹಾ ಕುಡೀಲಿ... ನಾಗರಗಾಳಿ... ಅಳ್ನಾವರ..."

ಅವ್ವ ದೀಪ ತಂದಳು. "ಯಾರ ಜೋಡಿ ಮಾತಾಡ್ಲಿಕ್ಕತ್ತೀರಿ?"

"ಅಳ್ನಾವರ ದಾಟಿತು. ಇನ್ನ ಸ್ವಲ್ಪ ಹೊತ್ತಿಗೆ ಧಾರವಾಡ. ಗುಡ್ಡದ ಮ್ಯಾಲ ಕಾಲೇಜು ಕಾಣಸ್ತದಂತ, ವಾಸು ಹೇಳಿದ್ದ."

"ಅಯ್ಯ, ವಾಸು ಅಲ್ಲೆ ಎದುರಿಗೇ ಕೂತಾನಲ್ರೀ!"

"ಗೊತ್ತದ," ಎಂದರು ಅಪ್ಪ, ಕಣ್ಣು ತೆರೆಯದೆಯೇ. "ಅವಾ ಕೂತಾನ. ನಾ ಹೋಗೇನಿ."

ಅಪ್ಪ ಬೆಳಗಾವಿಯ ಆಚೆಗೆ ಹೋದವರಲ್ಲ, ಈ ಕಡೆಗೆ ಲೋಂಡಾವನ್ನೂ ದಾಟಿದವರಲ್ಲ. ಇಷ್ಟು ವರ್ಷ ಸ್ಟೇಶನ್ನಿಗೆ ಅವರು ಏನು ನೋಡಲು ಹೋಗುತ್ತಿದ್ದರೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮರುದಿನ, ಪಂಚಾಂಗದಲ್ಲಿ ಅತಿ ಕೆಟ್ಟದೆಂದು ಬರೆದ ದಿನ, ಪೆಟ್ಟಿಗೆ ಎತ್ತಿಕೊಂಡು ಗಾಡಿ ಹತ್ತಿದೆ. ಬದುಕಿನ ಗುರಿ ಸಿಕ್ಕಿತೆಂದಲ್ಲ. ಅಪ್ಪ ಒಬ್ಬರೇ ಮುಂದೆ ಹೋಗಿಬಿಟ್ಟಿದ್ದರು, ಅವರನ್ನು ಕೂಡಿಕೊಳ್ಳಬೇಕಾಗಿತ್ತು.

ಬಿ.ಎ. ಆಯಿತು. ಈಗ ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೇನೆ. ಅದೇ ಹೂವಿನ ಪಾಠ ಹೇಳುತ್ತೇನೆ, ಸರಿಯಾದ ಜಾಗದಲ್ಲಿ ಕಣ್ಣು ಮುಚ್ಚುತ್ತೇನೆ. ಕಳೆದ ರಜೆಯಲ್ಲಿ ಖಾನಾಪುರಕ್ಕೆ ಹೋದಾಗ, ಶೀಕರಣೆ ಉಂಡು ಕಟ್ಟೆಗೆ ಬಂದವನಿಗೆ ಹಳೆಯ ಚಿಂತೆ ಮತ್ತೆ ಹತ್ತಿತು. ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. "ಅಪ್ಪಾ, ಅಷ್ಟೆಲ್ಲಾ ಹಿಕಮತ್ತು ಮಾಡಿ ನನ್ನ ಕಾಲೇಜಿಗೆ ಕಳಿಸಿದ್ರಲ್ಲಾ, ಅದರಿಂದ ಏನ ಉಪಯೋಗ?"

ಅಪ್ಪ ನನ್ನನ್ನು ಆಶ್ಚರ್ಯದಿಂದ ನೋಡಿದರು. "ನನಗೇನ ಗೊತ್ತೋ? ನಾ ಹೋಗಿಲ್ಲ. ಹೋಗಿ ಬಂದಾವ ನೀನು. ಹೇಳ್ತಾನ, ಹೇಳ್ತಾನ ಅಂತ ಇಷ್ಟ ದಿವಸ ನಾನ ಹಾದಿ ಕಾಯ್ಲಿಕ್ಕತ್ತೇನಿ." ಎಂದವರೇ ಬೆಕ್ಕನ್ನು ಆಚೆ ಸರಿಸಿ, ನನಗೆ ಕೂಡಲು ಜಾಗ ಮಾಡಿಕೊಟ್ಟು, ಕೇಳಲು ಸಜ್ಜಾಗಿ ಕೂತರು.

"ಸ್ವಲ್ಪ ವಿಚಾರ ಮಾಡಿ ಹೇಳ್ತೀನಿ," ಎಂದೆ. ಟೊಪ್ಪಿಗೆ ತೆಗೆದುಕೊಂಡು ಓಣಿ ದಾಟಿ ಎದುರು ಮನೆಗೆ ಹೋದೆ. ದುರ್ಗಾಕಾಕು ನನ್ನನ್ನು ನೋಡಿ, ಒಣಹಾಕಿದ ಸೀರೆಯನ್ನು ತೆಗೆಯತೊಡಗಿದಳು.