ಕಿಟಕಿಯಿಂದ ಒಳಗೆ ಹೋದ ಒಂದು ಸಾಲು

ಚಳ್ಳಕೆರೆಯ ಸಮಭಾವ ಲಾಡ್ಜಿನ ಪೂಜ್ಯ ಮಾಸ್ಟರರ ಪೀಠಕ್ಕೂ, ಆ ಪೀಠದ ಎದುರಿನ ಕಪ್ಪುಬಿಳುಪು ಚೌಕಗಳ ನೆಲಹಾಸಿಗೂ, ಅದನ್ನು ಲೆಕ್ಕದ ಹೆಜ್ಜೆಯಲ್ಲಿ ತುಳಿಯುವ ಅರ್ಹತೆಯುಳ್ಳ ಸಮಸ್ತ ಸೋದರರಿಗೂ, ತುಳಿಯುವ ಅರ್ಹತೆಯಿಲ್ಲದ ಶಶಿರೇಖಾ ಎಂಬ ನಾನು ಬಾಗಿಲಾಚೆಯಿಂದಲೇ ಕೈಮುಗಿಯುತ್ತೇನೆ.

ಮಾನ್ಯರೇ,

ತಮ್ಮ ಕಾರ್ಯದರ್ಶಿಗಳಾದ ತಿಪ್ಪೇರುದ್ರಪ್ಪನವರು ಸಹಿ ಮಾಡಿ, ಮೊಹರು ಒತ್ತಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ನೋಟೀಸು ತಲುಪಿತು. ಅವರ ಮನೆ ನಮ್ಮ ಮನೆಯಿಂದ ಮೂರನೆಯ ತಿರುವಿನಲ್ಲಿದೆ. ನಮ್ಮ ಹಿತ್ತಲಿನ ಕರಿಬೇವು ವಾರಕ್ಕೆರಡು ಸಲ ಅವರ ಒಗ್ಗರಣೆಗೆ ಹೋಗುತ್ತದೆ. ಆದರೂ ಕ್ರಮ ತಪ್ಪಬಾರದೆಂದು ಅಂಚೆಯನ್ನೇ ಹಿಡಿದ ಅವರ ಶಿಸ್ತಿಗೆ ನಾನು ಮಾರುಹೋಗಿದ್ದೇನೆ. ತಾವು ಗುಟ್ಟಾಗಿ ಕೇಳಿದ್ದಕ್ಕೆ ಬಹಿರಂಗವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಸಂಗತಿ ಈಗಾಗಲೇ ಪಕ್ಕದೂರು ತಳಕಿನ ಬಸ್ ನಿಲ್ದಾಣದವರೆಗೆ ಹೋಗಿದೆ, ಅದೂ ತಪ್ಪುತಪ್ಪಾಗಿ. ಸರಿಯಾಗಿ ಹೇಳುವವರು ಒಬ್ಬರಾದರೂ ಬೇಕು.

ನನ್ನ ಯಜಮಾನರಾದ ಜಂಪಣ್ಣನವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು ಎಂಬುದು ತಮಗೆ ತಿಳಿದಿದೆ. ಅವರಿಗೆ ಮಾತು ತೊದಲುತ್ತದೆ ಎಂಬುದು ತಮಗೆ ತಿಳಿದಿದೆಯೋ ಇಲ್ಲವೋ ಎಂದು ನನಗೆ ಅನುಮಾನ. ಮೂವತ್ತು ವರ್ಷ ಅವರು ಹೊಲದ ಬದುಗಳ ಮೇಲೆ ಸರಪಳಿ ಎಳೆದುಕೊಂಡು, ಕಲ್ಲು ತೋರಿಸಿ, ಬೆರಳೆತ್ತಿ ಕೆಲಸ ಮುಗಿಸಿದರು. ಉಳಿದ ಮಾತನ್ನು ನಾನು ಆಡಿದೆ. ನೆಂಟರು ಬಂದರೆ, ಡಾಕ್ಟರ ಬಳಿ ಹೋದರೆ, ತರಕಾರಿಯವನು ಕೂಗಿದರೆ, ಅವರು ಮೊದಲ ಅಕ್ಷರ ಹಿಡಿಯುವುದರೊಳಗೆ ನಾನು ವಾಕ್ಯ ಮುಗಿಸುತ್ತಿದ್ದೆ. ಇಬ್ಬರಿಗೂ ಅದು ಅಭ್ಯಾಸವಾಗಿತ್ತು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅವರು ಕರಿ ಕೋಟು ತೊಟ್ಟು, "ಲಾ... ಲಾ... ಲಾಡ್ಜಿಗೆ ಹೋಗ್ತೀನಿ" ಅಂದರು. ನಮ್ಮ ಊರಿನಲ್ಲಿ ಲಾಡ್ಜು ಎಂದರೆ ಬಸ್ ನಿಲ್ದಾಣದ ಎದುರು, ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಕಟ್ಟಡ. ಆ ದಿನ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ನಾನೂ ಒಂದು ಗುಟ್ಟಾಗಿಯೇ ಇಟ್ಟುಕೊಳ್ಳುತ್ತೇನೆ. ಇದು ಬೇರೆ ಲಾಡ್ಜು, ಫ್ರೀಮೇಸನ್ ಎಂಬ ಹಳೆಯ ಸೋದರ ಸಂಘದ್ದು, ಕಲ್ಲುಕುಟಿಗರ ಉಪಕರಣಗಳನ್ನು ಮುಂದಿಟ್ಟುಕೊಂಡು ಒಳ್ಳೆಯ ನಡತೆ ಕಲಿಸುತ್ತಾರೆ ಎಂದು ಅವರು ಕಾಗದದಲ್ಲಿ ಬರೆದು ತೋರಿಸಿದ ಮೇಲೆ ನಾನು ಸಮಾಧಾನಗೊಂಡೆ. ಪಕ್ಕದ ಮನೆಯ ಯರ್ರಮ್ಮ ಮಾತ್ರ, "ಏನಕ್ಕಾ, ನಿಮ್ ಯಜಮಾನ್ರು ಗಾರೆ ಕೆಲ್ಸಕ್ಕೆ ಸೇರಿದ್ರಂತೆ? ನಮ್ ಬಚ್ಚಲು ಸೋರ್ತೈತೆ, ಒಂದೀಟು ಬಂದು ನೋಡ್ಲಿ ಅನ್ನು" ಎಂದಳು. ಅವಳಿಗೆ ಇನ್ನೂ ಉತ್ತರ ಕೊಡುವುದು ಬಾಕಿಯಿದೆ.

ಆಮೇಲೆ ನಡೆದದ್ದು ನನಗೆ ಇಂದಿಗೂ ಸೋಜಿಗ. ದಿನಾ ಬೆಳಿಗ್ಗೆ ಅವರು ಮಹಡಿಯ ನೀರಿನ ತೊಟ್ಟಿಯ ಪಕ್ಕ ನಿಂತು, ಕನ್ನಡಕ್ಕೆ ತಿರುಗಿಸಿದ ತಮ್ಮ ವಿಧಿಯ ಮಾತುಗಳನ್ನು ಬಾಯಿಪಾಠ ಮಾಡತೊಡಗಿದರು. ಕೆಳಗೆ ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದು ನಿಂತುಬಿಟ್ಟೆ. ತೊದಲಿಲ್ಲ! 'ಸಮ್ಮುಖದಲ್ಲಿ', 'ಪ್ರತಿಷ್ಠಾಪಿತ' ಮುಂತಾದ, ನನ್ನ ನಾಲಿಗೆಯೇ ಎಡವುವಂಥ ಪದಗಳು ಆ ಮನುಷ್ಯನ ಬಾಯಿಂದ ಎಣ್ಣೆಯಂತೆ ಇಳಿಯುತ್ತಿದ್ದವು. ಯಾರೋ ಮೊದಲೇ ಕಟ್ಟಿಟ್ಟ ಮಾತು, ಇಂಥ ಕಡೆ ಇಷ್ಟು ಹೆಜ್ಜೆ, ಇಂಥ ಕಡೆ ಮೂರು ಸುತ್ತಿಗೆ ಪೆಟ್ಟು. ಆ ಕಟ್ಟುಪಾಡಿನೊಳಗೆ ಅವರು ಯಾರಿಗೂ ಹೆದರಬೇಕಾಗಿರಲಿಲ್ಲ. ಹೊಸ ಸೋದರರು ಈಗ ಮೊಬೈಲು ನೋಡಿಕೊಂಡು ಓದುತ್ತಾರಂತೆ, ತಾವೂ ಕಾಲಕ್ಕೆ ತಕ್ಕಂತೆ ಅದನ್ನು ಒಪ್ಪಿದ್ದೀರಂತೆ. ಇವರು ಒಪ್ಪಲಿಲ್ಲ. ನೋಡಿ ಓದಿದರೆ ತೊದಲು ಬರುತ್ತದೆ, ಅದಕ್ಕೆ.

ಇನ್ನು ನೋಟೀಸಿನ ಮುಖ್ಯ ಪ್ರಶ್ನೆ: ತಮ್ಮ ಗುಟ್ಟಿನ ವಿಧಿಯ ಆ ಸಾಲು ನನಗೆ ಹೇಗೆ ಗೊತ್ತಾಯಿತು, ಹೇಳಿಕೊಟ್ಟವರು ಯಾರು? ಯಾರೂ ಇಲ್ಲ, ಮಾನ್ಯರೇ. ನಾನು ಮೊಳಕಾಲ್ಮೂರಿನ ನೇಕಾರರ ಮಗಳು. ಚಿಕ್ಕಂದಿನಲ್ಲಿ ನಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕೂತು ಅಂಚಿನ ಎಳೆಗಳ ಲೆಕ್ಕವನ್ನು ತೆಲುಗಿನಲ್ಲಿ ಒಂದೇ ಸಲ ಕೂಗುತ್ತಿದ್ದರು. ಎದುರಿಗೆ ಕೂತ ನಾನು ಅದನ್ನು ಮರೆತರೆ ಸೀರೆಯ ನವಿಲಿಗೆ ಮೂರು ಕಾಲು ಬರುತ್ತಿದ್ದವು. ಅಂಥ ಕಿವಿಗೆ ಹೆಚ್ಚುಕಡಿಮೆ ಎರಡು ವರ್ಷ ದಿನಾ ಬಿದ್ದದ್ದು ಉಳಿಯದೆ ಇರುತ್ತದೆಯೇ?

ಈಗ ಆ ಭಾನುವಾರ. ತಮ್ಮ ಸಭೆಗೆ ಹೊಸಬರೊಬ್ಬರನ್ನು ಸೇರಿಸಿಕೊಳ್ಳುವ ದಿನ. ಅವರಿಗೆ ಬುದ್ಧಿಮಾತು ಹೇಳುವ ಭಾಗ ಮೊದಲ ಬಾರಿಗೆ ನನ್ನ ಯಜಮಾನರದ್ದು. ಹೆಂಗಸರು ಹೊರಗೆ ಬೇವಿನ ಮರದಡಿ ಊಟದ ತಯಾರಿಯಲ್ಲಿದ್ದೆವು. ನಾನು ಲಾಡ್ಜಿನ ಗೋಡೆಯ ಪಕ್ಕ ಈರುಳ್ಳಿ ಹೆಚ್ಚುತ್ತಿದ್ದೆ. ಒಳಗೆ ಏಸಿಯ ಗುಂಯ್ ಸದ್ದು. ಅಷ್ಟರಲ್ಲಿ ಕರೆಂಟು ಹೋಯಿತು. ಸೆಕೆ ತಾಳದೆ ಒಳಗಿನವರೇ ಕಿಟಕಿ ತೆರೆದರು. ಏಸಿ ನಿಂತ ಮೌನದಲ್ಲಿ ಯಜಮಾನರ ಧ್ವನಿ ಅವರಿಗೇ ಕೇಳಿಸಿರಬೇಕು. "ಸೋದರನೇ, ನಿನ್ನ ಕೈಗೆ ಕೊಟ್ಟ ಈ ಅಳತೆಗೋಲಿನಿಂದ..." ಎಂದವರು ನಿಂತುಬಿಟ್ಟರು. "ಮೊ..." ಎಂದರು. ಮತ್ತೆ "ಮೊ..." ಆಗ ನನ್ನ ಬಾಯಿ ನನ್ನನ್ನು ಕೇಳದೆ ಗಟ್ಟಿಯಾಗಿ ಹೇಳಿಬಿಟ್ಟಿತು: "ಮೊದಲು ನಿನ್ನ ದಿನವನ್ನು ಅಳೆದುಕೋ, ಆಮೇಲೆ ನೆರೆಯವನ ಗೋಡೆಯನ್ನು!"

ಒಳಗೆ ಯಜಮಾನರು ತಾವೇ ಆ ಸಾಲನ್ನು ಹೇಳಿ, ಉಳಿದ ಎರಡು ಪುಟವನ್ನೂ ಒಂದಕ್ಷರ ತಪ್ಪದೆ ಮುಗಿಸಿದರು. ಬಾಗಿಲಲ್ಲಿ ಕತ್ತಿ ಹಿಡಿದು ಕಾವಲಿದ್ದ ಓಬಯ್ಯ, ಪಾಪ, ಓಡಿಬಂದು ಕತ್ತಿಯನ್ನೂ ನನ್ನನ್ನೂ ನೋಡಿದ. "ಏನಮ್ಮಾ ಇದು ಮಾಡಿದ್ರಿ? ಒಂದ್ ನೊಣ ಒಳೀಕೆ ಬಿಟ್ಟಿಲ್ಲ ನಾನು. ಮಾತು ಕಿಟಕಿಯಾಗೆ ಹೋದ್ರೆ ಕತ್ತಿಲಿ ಹೆಂಗ್ ತಡೀಲಿ ಹೇಳ್ರಿ!" ಎಂದ. ಅವನ ಮೇಲೆ ಯಾವ ಕ್ರಮವೂ ಬೇಡವೆಂದು ಬೇಡಿಕೊಳ್ಳುತ್ತೇನೆ.

ನೋಟೀಸು ಬಂದ ದಿನ ಯಜಮಾನರು ಸಭೆಯಲ್ಲಿ ಸೊಂಟಕ್ಕೆ ಕಟ್ಟುವ ತಮ್ಮ ಬಿಳಿಯ ಏಪ್ರನ್ನನ್ನು ಮಡಿಸಿ ಬೀರುವಿನ ತಳಕ್ಕೆ ಇಟ್ಟರು. ನಾಲ್ಕು ದಿನ ತೊಟ್ಟಿಯ ಬಳಿ ಹೋಗಲಿಲ್ಲ. ಐದನೆಯ ದಿನ ನನ್ನನ್ನು ಕರೆದುಕೊಂಡು ತಿಪ್ಪೇರುದ್ರಪ್ಪನವರ ಮನೆಗೆ ನಡೆದರು. ಅವರೆದುರು ನಿಂತು, ಯಾರೂ ಬರೆದುಕೊಡದ ಸ್ವಂತ ಮಾತು ಶುರುಮಾಡಿದರು. "ನ... ನನ್ನ ಕೇಳ್ರಿ. ನ... ನನ್ನ ತೆಗೀರಿ ಬೇಕಾದ್ರೆ. ಆ... ಆಕಿಗೆ ಯಾಕೆ ನೋ... ನೋ... ನೋಟೀಸು?" ಇಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ನಾನು ಎರಡು ಸಲ ಬಾಯಿ ತೆರೆದೆ. ಕಾರ್ಯದರ್ಶಿಗಳು ನನ್ನತ್ತ ಕೈ ಎತ್ತಿ ತಡೆದರು. ಸೋದರನೊಬ್ಬ ಮಾತಾಡುವಾಗ ಮುಗಿಯುವವರೆಗೂ ಯಾರೂ ನಡುವೆ ಬಾಯಿ ಹಾಕಬಾರದೆಂಬುದು ತಮ್ಮ ಲಾಡ್ಜಿನ ನಿಯಮವಂತೆ. ಅವರು ಕಣ್ಣು ಸರಿಸದೆ ಕಾದರು. ಕೊನೆಗೆ, "ಕೇಳಿಸ್ಕಂಡೆ ಜಂಪಣ್ಣಾರೆ. ನೀವ್ ಎಲ್ಲಿಗೂ ಹೋಗಂಗಿಲ್ಲ. ಆದ್ರೆ ಫೈಲಿಗೆ ಅಮ್ಮಾರ ಕಡೀಂದ ಒಂದ್ ಉತ್ತರ ಬೇಕು, ಬರ್ಸಿ ಕೊಡ್ರಿ" ಎಂದರು.

ವಾಪಸು ಬರುವಾಗ ದಾರಿಯಲ್ಲಿ ಯಜಮಾನರು ಹೇಳಿದ ಮಾತನ್ನೂ ಫೈಲಿಗೆ ಸೇರಿಸಿಕೊಳ್ಳಿ. "ಶ... ಶಶೀ, ಅವತ್ತು ಇ... ಇನ್ನೊಂದ್ ಚೂರು ಬಿಟ್ಟಿದ್ರೆ ನಾ... ನಾನೇ ಹೇಳ್ತಿದ್ದೆ. ಗೊ... ಗೊತ್ತಿತ್ತು ನಂಗೆ." ನಾನು ಬೀದಿಯಲ್ಲೇ ನಿಂತೆ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವರ ಎಷ್ಟು ವಾಕ್ಯಗಳನ್ನು ನಾನು ಕೈಯಿಂದ ಕಿತ್ತುಕೊಂಡಿದ್ದೇನೆ ಎಂದು ಆಗ ಹೊಳೆಯಿತು.

ಆದ್ದರಿಂದ ತಪ್ಪೊಪ್ಪಿಕೊಳ್ಳುತ್ತೇನೆ, ತಾವು ಬರೆದ ತಪ್ಪನ್ನಲ್ಲ, ಇದನ್ನು. ಶಿಕ್ಷೆಯಾಗಿ ದಯಮಾಡಿ ನಮ್ಮ ಮನೆಗೂ ಒಂದು ವಿಧಿ ಬರೆಸಿಕೊಡಿ: ಯಜಮಾನರು ಸಾರು ಕೇಳುವಾಗ ನಾನು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಪೆಟ್ಟಿನ ನಂತರ ಉಸಿರು ಬಿಡಬೇಕು. ಮುಂದಿನ ತಿಂಗಳು ಅವರಿಗೇ ಮತ್ತೆ ಆ ಭಾಗ ಕೊಡಿ. ಅವರು ಎಷ್ಟು ಹೊತ್ತು ನಿಂತರೂ ನಾನು ತುಟಿ ಬಿಚ್ಚುವುದಿಲ್ಲ.

ಬಾಗಿಲ ಹೊರಗಿದ್ದೂ ತಮ್ಮ ವಿಶ್ವಾಸಿಯಾದ,
ಶಶಿರೇಖಾ ಜಂಪಣ್ಣ

ತಾ.ಕ.: ಅಂದು ಸಭೆ ಆರಂಭಿಸುವಾಗ ತಾವು, ಪೂಜ್ಯ ಮಾಸ್ಟರರೇ, ಕೈಯಲ್ಲಿ ಮೊಬೈಲು ಹಿಡಿದಿದ್ದರೂ, ನಡುವೆ ಎರಡು ಸಾಲು ಹಾರಿಸಿದಿರಂತೆ, ಯಜಮಾನರು ಊಟವಾದ ಮೇಲೆ ಮೆಲ್ಲಗೆ ಹೇಳಿದರು. ಒಳಗಿದ್ದ ಸೋದರರಲ್ಲಿ ಬೇರೆ ಯಾರಿಗೂ ಗೊತ್ತಾಗಿಲ್ಲವಂತೆ. ಚಿಂತೆ ಬೇಡ. ಗುಟ್ಟು ಕಾಯುವುದು ನನಗೂ ಬರುತ್ತದೆ: ಅದನ್ನು ನಾನು ಇದುವರೆಗೆ, ಎಂದರೆ ಈ ಸಾಲಿನವರೆಗೆ, ಯಾರಿಗೂ ಹೇಳಿಲ್ಲ.